ಜೇಬಿದ್ದ ಆನೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮುದುಕರಿಂದ ಹಿಡಿದು ಚಿಳ್ಳೆಪಿಳ್ಳೆಗಳವರೆಗೆ ಎಲ್ಲರ ಬಾಯಲ್ಲೂ ಅವಳು ಯೂನಿಫಾರಂ ಅಕ್ಕ. ಹೊಲಿಯುತ್ತಿದ್ದುದು ಶಾಲೆಯ ಮಕ್ಕಳ ಯೂನಿಫಾರಂ, ಅದೊಂದೇ. ಮದುವೆಗೆ ಬಟ್ಟೆ ಹೊಲಿದುಕೊಡಿ ಎಂದು ಯಾರಾದರೂ ಬಂದರೆ, "ನಾನು ಹೊಲಿದ್ರೆ ಮದುಮಗಳು ಶಾಲೆ ಪ್ರಾರ್ಥನೆಗೆ ನಿಂತ ಹಾಗೆ ಕಾಣ್ತಾಳೆ, ಬೇರೆ ಕಡೆ ಹೋಗಿ" ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿ ಕಳಿಸಿಬಿಡುತ್ತಿದ್ದಳು. ಮಾತು ಒರಟು. ಆದರೆ ಸುಳ್ಳಂತೂ ಅಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಬೂದು, ನೀಲಿ, ಬಿಳಿ ಬಟ್ಟೆಯ ಸುರುಳಿಗಳು. ಮನುಷ್ಯರನ್ನು ಅವಳು ಗುರುತಿಟ್ಟುಕೊಳ್ಳುತ್ತಿದ್ದುದು ಅಳತೆಯಿಂದ. ಈಗ ಮೀಸೆ ತಿರುವಿಕೊಂಡು ಓಡಾಡುವ ಎಲೆಕ್ಟ್ರಿಷಿಯನ್ ಎದುರಿಗೆ ಸಿಕ್ಕರೂ ಅವಳಿಗೆ ಕಾಣುತ್ತಿದ್ದುದು ಚಡ್ಡಿಯ ಹಿಂಭಾಗ ಪದೇ ಪದೇ ಹರಿದುಕೊಂಡು ಬರುತ್ತಿದ್ದ ಪೋರನೇ. ಮದುವೆ ಯಾಕಾಗಲಿಲ್ಲ ಎಂದು ಕೆಣಕಿದವರಿಗೆ, "ಅಳತೆಗೆ ಸರಿಯಾದವನು ಸಿಗಲಿಲ್ಲ ಕಣ್ರೀ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಿಜ ಏನೆಂದರೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಕಳೆದುಹೋಗಿತ್ತು. ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಸದ್ದು ಅಂತ ಇದ್ದದ್ದು ಹೊಲಿಗೆ ಯಂತ್ರದ್ದು ಮಾತ್ರ.

ಅಂಥ ಮನೆಗೆ ವರ್ಷದ ಕೊನೆಯ ರಜೆಯಲ್ಲಿ ಒಂದು ಹುಡುಗಿ ಬಂದಳು. ಯೂನಿಫಾರಂ ಅಕ್ಕನ ತಂಗಿಯ ಮಗಳು, ಮೂರನೇ ತರಗತಿ. ಅಪ್ಪ ಅಮ್ಮ ಇಬ್ಬರೂ ಒಂದೇ ಅಪಘಾತದಲ್ಲಿ ಹೋಗಿಬಿಟ್ಟ ಮೇಲೆ ಈ ಕೂಸು ಸ್ವಲ್ಪ ಕಾಲ ಸೋದರತ್ತೆಯ ಮನೆಯಲ್ಲಿತ್ತು, ಆಮೇಲೆ ದೊಡ್ಡಪ್ಪನ ಮನೆಯಲ್ಲಿ. ಯಾರೂ ಕೆಟ್ಟವರಲ್ಲ, ಹಾಗಂತ ಯಾರ ಮನೆಯಲ್ಲೂ ಜಾಗ ಉಕ್ಕಿ ಹರಿಯುತ್ತಿರಲಿಲ್ಲ. ಅಪ್ಪನ ಅಣ್ಣನಾದ ಆ ದೊಡ್ಡಪ್ಪನೇ ಹುಡುಗಿಯನ್ನು ಕರೆತಂದು ಬಿಟ್ಟವನು. ಅವಳು ಕೈಕಾಲು ತೊಳೆಯಲು ಹೋದಾಗ ಅವನು ದನಿ ತಗ್ಗಿಸಿ ಹೇಳಿದ:

"ನೋಡಿ ಅಕ್ಕಾ, ರಜೆ ಮುಗಿಯೋ ಹೊತ್ತಿಗೆ ಬರ್ತೀನಿ. ಅವಳಿಗೆ ಇಲ್ಲಿ ಹೊಂದಿಕೊಂಡ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಹಾಸ್ಟೆಲಿಗೆ ಸೇರಿಸ್ತೀನಿ. ಪಾಪ, ಇಷ್ಟು ದಿನ ನಾವು ನಾವೇ ಮಾತಾಡ್ಕೊಂಡು ಅವಳನ್ನ ಅಲ್ಲಿಂದಿಲ್ಲಿಗೆ ಕಳಿಸಿದ್ವಿ. ಈ ಸಲ ಅವಳ ಬಾಯಿಂದಲೇ ಬರ್ಲಿ, ಯೋಚನೆ ಮಾಡು ಅಂತ ಅವಳಿಗೂ ಹೇಳಿದ್ದೀನಿ. ನೀವು ಮಾತ್ರ ಬಲವಂತ ಮಾಡೋಕೆ ಹೋಗ್ಬೇಡಿ."

"ನಾನ್ಯಾಕೆ ಬಲವಂತ ಮಾಡ್ಲಿ?" ಎಂದಳು ಯೂನಿಫಾರಂ ಅಕ್ಕ. ಒಳಗೆ ಅವಳ ಜೀವ ಹೊಡೆದುಕೊಳ್ಳುತ್ತಿತ್ತು. ಹುಡುಗಿ ಇರಲಿ, ಇಲ್ಲೇ ಇರಲಿ ಎಂದು ಆ ಕ್ಷಣದಿಂದಲೇ ಅವಳಿಗೆ ಆಸೆ ಹುಟ್ಟಿಬಿಟ್ಟಿತ್ತು. ಆದರೆ ಕೊಟ್ಟ ಮಾತು ಕೊಟ್ಟ ಮಾತೇ. ತುಟಿ ಪಿಟಿಕ್ಕೆನ್ನಲಿಲ್ಲ.

ಹುಡುಗಿಯೋ, ಅಬ್ಬಾ, ಅಂಥ ಒಳ್ಳೆಯ ಮಗುವನ್ನು ಯಾರೂ ನೋಡಿರಲಿಕ್ಕಿಲ್ಲ. ಅದೇ ತಲೆನೋವು! ಬೆಳಿಗ್ಗೆ ಎದ್ದವಳೇ ಹೊದಿಕೆ ಮಡಿಸಿಡುತ್ತಿದ್ದಳು. "ದೊಡ್ಡಮ್ಮ, ನೀರು ಕುಡೀಲಾ?" "ದೊಡ್ಡಮ್ಮ, ಕಿಟಕಿ ತೆಗೀಲಾ?" ಎಂದು ಉಸಿರಾಡುವುದಕ್ಕೂ ಅಪ್ಪಣೆ ಕೇಳುವವಳು. ತಟ್ಟೆಗೆ ಹಾಕಿದ್ದನ್ನು ತಿಂದು, ಇನ್ನೂ ಬೇಕಾ ಎಂದರೆ ಸಾಕು ಎನ್ನುವಳು. ಎರಡು ಮನೆ ತಿರುಗಿ ಆ ಮಗು ಕಲಿತ ಪಾಠ ಅದು, ಯಾರಿಗೂ ಭಾರವಾಗಬಾರದು ಅಂತ. ಯೂನಿಫಾರಂ ಅಕ್ಕ ಇದನ್ನು ನೋಡಿ ನೋಡಿ, ಒಂದು ಲೋಟವನ್ನಾದರೂ ಬೀಳಿಸಿ ಒಡೆಯಬಾರದೇ ಈ ಹುಡುಗಿ ಎಂದುಕೊಳ್ಳುತ್ತಿದ್ದಳು. ಹುಡುಗಿ ಒಡೆಯಲಿಲ್ಲ, ತೊಳೆದು ಬೋರಲು ಹಾಕಿದಳು.

ಅಷ್ಟರಲ್ಲಿ ಬೀದಿಗೆ ರಜೆಯ ಹುಚ್ಚು ಹತ್ತಿತು. ಪ್ರತಿ ವರ್ಷವೂ ಹತ್ತುವುದೇ. ರಜೆಯ ಕೊನೆಯ ಭಾನುವಾರ ಸಂಜೆ ಮಕ್ಕಳೆಲ್ಲ ವೇಷ ಹಾಕಿಕೊಂಡು ಹಿಟ್ಟಿನ ಗಿರಣಿಯಿಂದ ನೀರಿನ ಟ್ಯಾಂಕಿನವರೆಗೆ ಮೆರವಣಿಗೆ ಹೋಗಬೇಕು. ಅಂಗಡಿಯಿಂದ ಕೊಂಡುತಂದದ್ದು ಏನೂ ಇರಕೂಡದು, ಮನೆಯಲ್ಲಿ ಬಿದ್ದಿರುವುದರಲ್ಲೇ ಮಾಡಬೇಕು, ಇದೊಂದೇ ಕಟ್ಟಳೆ. ಹಾಗಾಗಿ ಮನೆಮನೆಯಲ್ಲೂ ಮೈದಾ ಕುದಿಸಿ ಅಂಟು ಮಾಡುವ ವಾಸನೆ. ಹಳೇ ಕ್ಯಾಲೆಂಡರು ಕತ್ತರಿಸಿ ಉಂಗುರಕ್ಕೆ ಉಂಗುರ ಸೇರಿಸಿ ಮಾಲೆ, ಎಣ್ಣೆ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ದೀಪದ ಗೂಡು, ಮಾತ್ರೆಯ ಬೆಳ್ಳಿ ಕಾಗದದಿಂದ ನಕ್ಷತ್ರ. ದೊಡ್ಡವರೂ ಕೆಲಸ ಬಿಟ್ಟು ಗೋಂದು ಮೆತ್ತಿಕೊಂಡು ಕೂತಿರುತ್ತಿದ್ದರು. ಕೇಳಿದರೆ ಮಕ್ಕಳಿಗೋಸ್ಕರ ಎನ್ನುವರು. ಯಾರಿಗೋಸ್ಕರ ಎಂದು ನಮಗೆ ಗೊತ್ತಿಲ್ಲವೇ!

"ನೀನೇನಾಗ್ತೀಯೇ?" ಎಂದು ಯೂನಿಫಾರಂ ಅಕ್ಕ ಕೇಳಿದಳು.

"ಏನಾದ್ರೂ ಪರವಾಗಿಲ್ಲ ದೊಡ್ಡಮ್ಮ. ಏನೂ ಆಗದೇ ಇದ್ರೂ ಪರವಾಗಿಲ್ಲ."

"ಪರವಾಗಿಲ್ಲ ಅನ್ನೋ ವೇಷ ಹೊಲಿಯೋಕೆ ನಂಗೆ ಬರಲ್ಲ. ಸರಿಯಾಗಿ ಹೇಳು."

ಹುಡುಗಿ ಗೋಡೆಯ ಕಡೆ ನೋಡಿದಳು. ಮೂಲೆಯಲ್ಲಿ ಪ್ಯಾಂಟು ಹೊಲಿದು ಉಳಿದ ಬೂದು ಬಟ್ಟೆಯ ಒಂದು ತುಂಡು ಸುತ್ತಿಟ್ಟಿತ್ತು. ಅದನ್ನೇ ನೋಡುತ್ತಾ, "ಆನೆ?" ಎಂದಳು, ಅದಕ್ಕೂ ಅಪ್ಪಣೆ ಬೇಕೇನೋ ಎನ್ನುವ ಹಾಗೆ.

ಯೂನಿಫಾರಂ ಅಕ್ಕನಿಗೆ ಏನು ಖುಷಿ! ಟೇಪು ತೆಗೆದುಕೊಂಡಳು, ಅಳತೆ ಹಿಡಿದಳು, ಚಾಕ್ ಎಳೆದಳು, ಕತ್ತರಿ ಆಡಿಸಿದಳು. ಆದರೆ ಜೀವಮಾನವಿಡೀ ಯೂನಿಫಾರಂ ಹೊಲಿದ ಕೈ ಅದು, ಆನೆ ಅಂದರೆ ಅದಕ್ಕೇನು ಗೊತ್ತು? ಮಾರನೆಯ ದಿನ ಮೇಜಿನ ಮೇಲೆ ಹರಡಿದ ಆನೆಗೆ ಇಸ್ತ್ರಿ ಮಾಡಿದ ಕಾಲರ್ ಇತ್ತು. ಮುಂದೆ ಸಾಲಾಗಿ ಗುಂಡಿಗಳಿದ್ದವು. ಎದೆಯ ಎಡಕ್ಕೆ ನೀಟಾಗಿ ಒಂದು ಜೇಬು.

ಹುಡುಗಿ ನೋಡಿದಳು, ಮತ್ತೆ ನೋಡಿದಳು. "ದೊಡ್ಡಮ್ಮ, ಆನೆಗೆ ಜೇಬು ಯಾಕೆ?"

ಯೂನಿಫಾರಂ ಅಕ್ಕನಿಗೆ ಆಗಲೇ ಗೊತ್ತಾದದ್ದು. ಆದರೂ ಸೋಲು ಒಪ್ಪುವ ಪೈಕಿಯಲ್ಲ. "ಕರ್ಚೀಫ್ ಇಟ್ಕೊಳ್ಳೋಕೆ. ಅಷ್ಟುದ್ದ ಮೂಗು ಇಟ್ಕೊಂಡು ನೆಗಡಿ ಆದ್ರೆ ಏನು ಗತಿ?"

ಹುಡುಗಿ ಕಿಸಕ್ಕನೆ ನಕ್ಕಳು. ನಕ್ಕವಳೇ ತಪ್ಪು ಮಾಡಿದವಳಂತೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟಾದರೂ ಆಯಿತಲ್ಲ ಎಂದುಕೊಂಡು ಯೂನಿಫಾರಂ ಅಕ್ಕ ಆ ದಿನವೆಲ್ಲ ಗುನುಗುತ್ತಾ ರಟ್ಟಿಗೆ ಬಟ್ಟೆ ಅಂಟಿಸಿ ಮೊರದಗಲದ ಕಿವಿ ಮಾಡಿದಳು. ಹುಡುಗಿ ಪಕ್ಕದಲ್ಲಿ ಕೂತು ಅಂಟು ಬಳಿದಳು, ಅಂಗೈಗೆ ಒಣಗಿದ ಅಂಟಿನ ಸಿಪ್ಪೆ ಸುಲಿದಳು, ಬಾಲಕ್ಕೆ ದಾರದ ಕುಚ್ಚು ಕಟ್ಟಿದಳು. ಬಾಲದ ಕುಚ್ಚು ಮಾತ್ರ ತನ್ನದು, ಯಾರೂ ಮುಟ್ಟಬಾರದು ಎಂದು ಮೆಲ್ಲಗೆ ಹೇಳಿದಳು ಕೂಡ.

ಎಡವಟ್ಟಾದದ್ದು ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಕೊನೆಗೆ ಉಳಿದಿದ್ದ ಸೊಂಡಿಲು ಹೊಲಿಯೋಣವೆಂದು ಕೂತರೆ ಬಟ್ಟೆ ಇಲ್ಲ! ಮೇಜಿನ ಕೆಳಗೆ ನೋಡಿದ್ದಾಯಿತು, ಚಿಂದಿಯ ಚೀಲ ಕೊಡವಿದ್ದಾಯಿತು. ಉಳಿದದ್ದು ಒಂದು ಅಂಗೈಯಗಲದ ಚೂರು.

"ಲೆಕ್ಕ ಹಾಕಿದ್ದೆನಲ್ಲ, ಸಾಕಾಗ್ಬೇಕಿತ್ತು," ಎಂದು ಯೂನಿಫಾರಂ ಅಕ್ಕ ತಲೆ ಕೆರೆದುಕೊಂಡಳು.

ಹುಡುಗಿ ಅಷ್ಟರಲ್ಲಿ ಆನೆಯ ಅಂಗಿಯನ್ನು ಒಳಹೊರಗು ಮಾಡಿ ನೋಡುತ್ತಿದ್ದಳು. ಕಾಲಿನ ತುದಿಯಲ್ಲಿ ಒಂದು ಗೇಣು ಬಟ್ಟೆ ಒಳಕ್ಕೆ ಮಡಚಿ ಹೊಲಿದಿತ್ತು. ತೋಳಿನಲ್ಲೂ ಹಾಗೇ. ಪಕ್ಕದ ಹೊಲಿಗೆಯಲ್ಲೂ ಒಳಗೆ ಎರಡೆರಡು ಬೆರಳು ಬಟ್ಟೆ. ಸೊಂಡಿಲಿನ ಬಟ್ಟೆಯೆಲ್ಲ ಅಲ್ಲಿ ಸೇರಿಕೊಂಡಿತ್ತು.

"ಇದೇನಿದು!" ಎಂದು ಹುಡುಗಿ ಕಿರುಚಿದಳು. "ಒಂದಿನ ಹಾಕ್ಕೊಳ್ಳೋ ಬಟ್ಟೆ ಇದು! ಇದಕ್ಯಾಕೆ ಇಷ್ಟೊಂದು ಮಡಚಿದ್ದೀರ? ಬಟ್ಟೆ ಎಲ್ಲಾ ಒಳಗೇ ಹಾಕ್ಬಿಟ್ರಿ! ಸೊಂಡಿಲಿಲ್ದೆ ಹೋದ್ರೆ ಎಲ್ಲಾರೂ ನನ್ನ ಹಂದಿ ಅಂತಾರೆ! ನಿಮಗೆ ಅಷ್ಟೂ ಗೊತ್ತಾಗಲ್ವಾ?"

ಕೆನ್ನೆ ಕೆಂಪಗಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಯೂನಿಫಾರಂ ಅಕ್ಕನಿಗೆ ಮೊದಲು ಬೈಸಿಕೊಂಡದ್ದೇ ತಿಳಿಯಲಿಲ್ಲ. ತಿಳಿದಾಗ ಎದೆ ಹಗುರವಾಯಿತು. ಜಗಳ ಆಡುತ್ತಿದ್ದಾಳೆ! ನೆಂಟರ ಮನೆಗೆ ಬಂದವರು ಹೀಗೆ ಜಗಳ ಆಡುತ್ತಾರೆಯೇ?

"ಮರೀ, ಬೇಕೂಂತ ಮಾಡಿದ್ದಲ್ಲ ಕಣೇ," ಎಂದಳು. "ಶಾಲೆ ಬಟ್ಟೆ ಹಾಗೇ ಹೊಲಿಯೋದು. ಒಳಗೆ ಬಟ್ಟೆ ಬಿಟ್ಟಿರ್ತೀವಿ. ಮಕ್ಕಳು ಬೆಳೀತಾರಲ್ಲ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡೋಕೆ. ನೀನು ಮುಂದಿನ ವರ್ಷಕ್ಕೆ ಎಷ್ಟುದ್ದ ಆಗ್ತೀಯ ಅಂತ ನೋಡಿ ಕೈ ತಾನಾಗೇ ಮಡಚಿಬಿಟ್ಟಿದೆ."

ಹುಡುಗಿ ಮೂಗು ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ಮುಂದಿನ ವರ್ಷ ನಾನು ಇಲ್ಲಿರ್ತೀನಾ?"

ಈಗ ಏನು ಹೇಳುವುದು? ದೊಡ್ಡಪ್ಪನಿಗೆ ಮಾತು ಕೊಟ್ಟಾಗಿತ್ತು. ಯೂನಿಫಾರಂ ಅಕ್ಕ ಸ್ವಲ್ಪ ಒದ್ದಾಡಿದಳು. ಆಮೇಲೆ, ಹಾಳಾಗಿ ಹೋಗಲಿ ಮಾತು ಎಂದುಕೊಂಡಳು.

"ನಾನು ಬಲವಂತ ಮಾಡಬಾರದು ಅಂದಿದ್ದಾರೆ ನಿನ್ನ ದೊಡ್ಡಪ್ಪ. ಬಲವಂತ ಮಾಡಲ್ಲ. ನೀನು ಹಾಸ್ಟೆಲಿಗೆ ಹೋಗ್ತೀನಿ ಅಂದ್ರೆ ನಾನೇ ಯೂನಿಫಾರಂ ಹೊಲಿದು ಕಳಿಸ್ತೀನಿ. ಆದ್ರೆ ಕೇಳಿದ್ದೀಯಲ್ಲ, ಅದಕ್ಕೆ ಹೇಳ್ತೀನಿ. ನಂಗೆ ನೀನು ಬೇಕು. ನೀನು ಬಂದ ದಿನದಿಂದ ನಂಗೆ ನೀನು ಇಲ್ಲೇ ಇರ್ಬೇಕು ಅಂತ ಆಸೆ."

ಹುಡುಗಿ ಬೂದು ಬಟ್ಟೆಯ ಮಡಿಕೆಯನ್ನೇ ಬೆರಳಲ್ಲಿ ಒತ್ತುತ್ತಾ ನಿಂತಳು. ಹೇಳಬಾರದಿತ್ತೇನೋ ಎಂದು ಯೂನಿಫಾರಂ ಅಕ್ಕನಿಗೆ ಕಸಿವಿಸಿಯಾಯಿತು. "ಇರ್ಲಿ ಬಿಡು, ಹೊತ್ತಾಯ್ತು. ಕೊಡಿಲ್ಲಿ, ಕಾಲಿನ ಮಡಿಕೆ ಬಿಚ್ಚಿ ಸೊಂಡಿಲು ಮಾಡಿಬಿಡ್ತೀನಿ," ಎಂದು ಬ್ಲೇಡು ಎತ್ತಿಕೊಂಡಳು.

ಹುಡುಗಿ ಅಂಗಿಯನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿದಳು. "ಬೇಡ. ಬಿಚ್ಬೇಡಿ."

"ಮತ್ತೆ ಸೊಂಡಿಲು?"

"ಬೇರೆ ಏನಾದ್ರೂ ಮಾಡಿ. ಇದನ್ನ ಮಾತ್ರ ಬಿಚ್ಬೇಡಿ."

ಬೇರೆ ಏನು ಮಾಡುವುದು, ತಲೆ! ಕಾಲುಚೀಲ ಹಿಡಿದು ನೋಡಿದರು, ಗಿಡ್ಡವಾಯಿತು. ಪೇಪರು ಸುತ್ತಿ ನೋಡಿದರು, ಚಪ್ಪಟೆಯಾಯಿತು. ಅಷ್ಟು ಹೊತ್ತಿಗೆ ಬಾಗಿಲ ಮೇಲೆ ದೀಪದ ಸರ ಕಟ್ಟಲು ಎಲೆಕ್ಟ್ರಿಷಿಯನ್ ಏಣಿ ಹೊತ್ತು ಬಂದ. ಅವನ ಹೆಗಲಲ್ಲಿ ಗೋಡೆಯೊಳಗೆ ವೈರು ಎಳೆಯುವ ಪೈಪಿನ ಸುರುಳಿ ನೇತಾಡುತ್ತಿತ್ತು. ಬೂದು ಬಣ್ಣದ್ದು, ಮೈತುಂಬ ಸುಕ್ಕುಸುಕ್ಕು, ಹಿಡಿದ ಕಡೆ ಬಾಗುವಂಥದ್ದು. ದೊಡ್ಡಮ್ಮನೂ ಹುಡುಗಿಯೂ ಒಟ್ಟಿಗೇ ಅದನ್ನು ನೋಡಿದರು.

"ಏನು, ಇಬ್ಬರೂ ನನ್ನನ್ನ ನುಂಗೋ ಥರ ನೋಡ್ತೀರಲ್ಲ?" ಎಂದು ಅವನು ಗಾಬರಿಯಾದ.

"ನಿನ್ನನ್ನಲ್ಲಪ್ಪ, ನಿನ್ನ ಪೈಪನ್ನ. ಒಂದು ಮೊಳ ಕತ್ತರಿಸಿಕೊಡು. ನಿನ್ನ ಚಡ್ಡಿ ಎಷ್ಟು ಸಲ ಹೊಲಿದುಕೊಟ್ಟಿಲ್ಲ ನಾನು?"

"ಅಯ್ಯೋ ಅಕ್ಕಾ, ಮಗು ಮುಂದೆ ಮರ್ಯಾದೆ ತೆಗೀಬೇಡಿ," ಎಂದು ಅವನು ಒಂದು ಮೊಳ ಕೇಳಿದ್ದಕ್ಕೆ ಒಂದೂವರೆ ಮೊಳ ಕತ್ತರಿಸಿಕೊಟ್ಟ.

ಆ ಸಂಜೆಯ ಮೆರವಣಿಗೆಯಲ್ಲಿ ರಟ್ಟಿನ ಡಬ್ಬದ ರೋಬೋ ಇತ್ತು, ಹಳೇ ಛತ್ರಿಯ ರೆಕ್ಕೆ ಕಟ್ಟಿಕೊಂಡ ಬಾವಲಿ ಇತ್ತು, ಮೈಗೆಲ್ಲ ಹಿಟ್ಟು ಬಳಿದುಕೊಂಡ ಒಂದು ದೆವ್ವ ಪ್ರತಿ ಹೆಜ್ಜೆಗೂ ಸೀನುತ್ತಿತ್ತು. ಇವುಗಳ ನಡುವೆ ಕಾಲರ್ ಹಾಕಿದ, ಜೇಬಿನಲ್ಲಿ ಕರ್ಚೀಫ್ ಇಟ್ಟುಕೊಂಡ ಆನೆ ಸೊಂಡಿಲಿನ ತೂತಿನಿಂದ ಭೋಂ ಎಂದು ಊದುತ್ತಾ ನಡೆಯಿತು. ಜನ ಬಿದ್ದು ಬಿದ್ದು ನಕ್ಕರು. "ಆನೆಗೆ ಯಾವ ಶಾಲೆ ಪುಟ್ಟೀ?" ಎಂದು ಯಾರೋ ಕೂಗಿದರು. ಆನೆ ಅವರ ಕಿವಿಯ ಹತ್ತಿರವೇ ಹೋಗಿ ಇನ್ನೊಂದು ಸಲ ಭೋಂ ಎಂದಿತು. ಯೂನಿಫಾರಂ ಅಕ್ಕ ಹಿಂದೆಯೇ ನಡೆಯುತ್ತಾ ನಗುತ್ತಿದ್ದಳು, ಆದರೆ ಕಣ್ಣು ಮಾತ್ರ ಬೀದಿಯ ಕೊನೆಯನ್ನೇ ನೋಡುತ್ತಿತ್ತು. ಆ ದಿನ ದೊಡ್ಡಪ್ಪ ಬರುವವನಿದ್ದ.

ಬಂದೂ ಬಂದ. ನೀರಿನ ಟ್ಯಾಂಕಿನ ಕೆಳಗೆ ನಿಂತು ಗದ್ದಲದಲ್ಲಿ ತಮ್ಮನ ಮಗಳನ್ನು ಹುಡುಕುತ್ತಿದ್ದ. ಆನೆ ನೇರ ಅವನ ಮುಂದೆ ಹೋಗಿ ನಿಂತಾಗ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಆಮೇಲೆ ನಗುತ್ತಾ ಕುಕ್ಕರಗಾಲಲ್ಲಿ ಕೂತು, ಕಿವಿಯ ರಟ್ಟು ಸರಿಸಿ, ಮೆತ್ತಗೆ ಕೇಳಿದ: "ಏನಮ್ಮಾ, ಯೋಚನೆ ಮಾಡಿದ್ಯಾ? ಇಲ್ಲಿರ್ತೀಯೋ, ಹಾಸ್ಟೆಲಿಗೆ ಸೇರ್ತೀಯೋ? ನಿಂಗೆ ಹೇಗೆ ಇಷ್ಟವೋ ಹಾಗೆ. ಯಾರೂ ಏನೂ ಅನ್ನಲ್ಲ."

ಯೂನಿಫಾರಂ ಅಕ್ಕ ಪಕ್ಕದ ಕಂಬಕ್ಕೆ ಕಟ್ಟಿದ್ದ ಕಾಗದದ ಮಾಲೆಯನ್ನು ಸರಿಪಡಿಸುವವಳ ಹಾಗೆ ನಿಂತಳು. ಮಾಲೆ ಸರಿಯಾಗಿಯೇ ಇತ್ತು.

ಆನೆ ಸೊಂಡಿಲನ್ನು ಹಣೆಯ ಮೇಲಕ್ಕೆ ಎತ್ತಿಕೊಂಡಿತು.

"ದೊಡ್ಡಪ್ಪ, ನನ್ನ ಸೈಕಲ್ಲು ನಿಮ್ಮನೇಲೇ ಇದೆ ಅಲ್ವಾ?"

"ಇದೆ. ಯಾಕೆ?"

"ಅದನ್ನ ಇಲ್ಲಿಗೆ ಯಾವಾಗ ತಂದುಕೊಡ್ತೀರ?"

ದೊಡ್ಡಪ್ಪ ಅವಳ ಮುಖ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ಅದು ನಿಂಗೆ ಚಿಕ್ಕದಾಗಿದೆಯಲ್ಲೇ, ತುಳಿದ್ರೆ ಮಂಡಿ ಹ್ಯಾಂಡಲ್ಲಿಗೆ ತಗಲುತ್ತೆ" ಎಂದ.

"ಪರವಾಗಿಲ್ಲ. ದೊಡ್ಡಮ್ಮ ಎಲ್ಲಾದರೂ ಬಿಚ್ಚಿ ಉದ್ದ ಮಾಡಿಕೊಡ್ತಾರೆ."

ಟ್ಯಾಂಕಿನ ಕಂಬಕ್ಕೆ ದೀಪದ ಸರ ಕಟ್ಟುತ್ತಾ ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ಗಹಗಹಿಸಿ ನಕ್ಕ. ದೊಡ್ಡಪ್ಪನೂ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡು ಎದ್ದು ನಿಂತ. "ಆಯ್ತಮ್ಮಾ. ಬರೋ ಭಾನುವಾರ ಬಿಡುವು ಮಾಡ್ಕೊಂಡು ತಂದುಕೊಡ್ತೀನಿ."

"ಬರೋ ಭಾನುವಾರ ಯಾಕ್ರೀ?" ಎಂದಳು ಯೂನಿಫಾರಂ ಅಕ್ಕ. ಅವಳ ದನಿ ಎಷ್ಟು ಜೋರಾಗಿ ಬಂತೆಂದರೆ ಸೀನುತ್ತಿದ್ದ ದೆವ್ವವೂ ತಿರುಗಿ ನೋಡಿತು. "ನಾಳೆನೇ ತನ್ನಿ."