ಎಡದ ಸೈಕಲ್ಲು, ಬಲದ ಸೈಕಲ್ಲು

ಸುರೇಬಾನದ ಭೀಮಶಿ ಮಾಡಿದ ಬಾಗಿಲುಗಳು ರಾಮದುರ್ಗ ತಾಲೂಕಿನಲ್ಲಿ ಎಷ್ಟು ಮನೆಗಳನ್ನು ಕಾಯುತ್ತಿವೆಯೋ ಅವನಿಗೇ ಗೊತ್ತಿಲ್ಲ. ಅವನ ಸ್ವಂತ ಮನೆಯನ್ನು ಕಾಯುತ್ತಿದ್ದದ್ದು ಮಾತ್ರ ಒಂದು ತಗಡು. ಮನೆಗೆಂದು ಅವನು ಬಾಗಿಲು ಮಾಡಲಿಲ್ಲವೆಂದಲ್ಲ. ಮಾಡಿ ಮುಗಿಸಿ ಗೋಡೆಗೆ ಆನಿಸಿದ ದಿನವೇ ಯಾರಾದರೂ ಬಂದು, "ಶುಕ್ರವಾರ ಮನಿ ಓಪನಿಂಗ್ ಐತಿ, ಮರ್ಯಾದಿ ಉಳಸಪಾ" ಎಂದು ಕೈ ಮುಗಿಯುತ್ತಿದ್ದರು. ಭೀಮಶಿ ಅವರ ಮರ್ಯಾದೆ ಉಳಿಸುತ್ತಿದ್ದ. ಇತ್ತ ತಗಡು ಗಾಳಿಗೆ ಧಡಧಡ ಬಡಿದುಕೊಳ್ಳುತ್ತಿತ್ತು.

"ಮೊನ್ನೆ ನಾಯಿ ಬಂದು ರೊಟ್ಟಿ ತಿಂತು," ಎಂದಳು ಹೆಂಡತಿ ಶೆಟ್ಟೆವ್ವ. "ಹೋಗೂಮುಂದ ತಗಡ ಮುಚ್ಚಿ ಹೋತು. ಅದಕ್ಕಿದ್ದಷ್ಟು ಕಾಳಜಿ ನಿಮಗಿಲ್ಲ ನೋಡ್ರಿ."

ಮೂಲದಲ್ಲಿ ಭೀಮಶಿ ಎತ್ತಿನ ಚಕ್ಕಡಿ ಮಾಡುವವನು. ತಂದೆ ನೀಲಪ್ಪ ಕಲಿಸಿದ್ದೂ ಅದನ್ನೇ. ಟ್ರ್ಯಾಕ್ಟರು ಬಂದು ಚಕ್ಕಡಿ ಕೇಳುವವರು ಇಲ್ಲವಾದ ಮೇಲೆ ಅವನು ಬಾಗಿಲು, ಮಂಚ, ಕೊಡಲಿ ಕಾವಿಗೆ ಇಳಿದ. ತಲೆ ಇಳಿಯಲಿಲ್ಲ, ಚಕ್ಕಡಿಯಲ್ಲೇ ಕುಳಿತಿತ್ತು. ಓಡುವಂಥದ್ದು ಏನೇ ಇದ್ದರೂ ಜೋಡಿ ಇರಬೇಕು ಎಂಬುದು ಅವನ ಲೆಕ್ಕ. ಒಂದು ಮೋಟರ್ ಸೈಕಲ್ ಹಾದುಹೋದರೆ, ಇನ್ನೊಂದು ಎಲ್ಲಿ ಎಂದು ಹಿಂದೆ ತಿರುಗಿ ನೋಡುವ ಮನುಷ್ಯ.

ಇಂಥವನ ಬಳಿ ಬೈಲಹೊಂಗಲದ ಉಮಾಶ್ರೀ ಬಂದಳು. ಸವದತ್ತಿ ರಸ್ತೆಯಲ್ಲಿ ಖಾನಾವಳಿ ನಡೆಸುವವಳು. ಈಗಿನ ಗಿರಾಕಿ ಉಂಡದ್ದನ್ನು ಮರೆಯುತ್ತಾನೆ, ಫೋಟೋ ತೆಗೆಸಿಕೊಂಡ ಜಾಗ ಮರೆಯುವುದಿಲ್ಲ ಎಂಬುದನ್ನು ಚೆನ್ನಾಗಿ ಅರಿತವಳು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು: ಉದ್ದನೆಯ ಮೈಯ, ಅಗಲ ಸೀಟಿನ, ಎಮ್ಮೆಕೊಂಬಿನಂಥ ಹ್ಯಾಂಡಲ್ಲಿನ ಸೈಕಲ್ಲು. ಮೈಯೆಲ್ಲ ಕಟ್ಟಿಗೆ.

"ಇಂಥಾದ್ದು ಒಂದ ಮಾಡಿಕೊಡ್ರಿ ಅಣ್ಣಾರ. ಬರೇ ನಿಂದ್ರಸಾಕಲ್ಲ ಮತ್ತ, ಮಂದಿ ಕುಂತು ಹೊಡೀಬೇಕು. ಕಿತ್ತೂರ ಕಡೆ ಹಳೇ ವಾಡೇ ಮನಿ ಕೆಡವಿದಾಗಿಂದು ಒಂದು ಬಾಗಲಾ ಐತಿ ನನ್ನ ಕಡೆ. ಎರಡು ಕದ, ಹಿತ್ತಾಳಿ ಬಳಿ. ಸೈಕಲ್ ನನಗ, ಬಾಗಲಾ ನಿಮಗ."

ಬಾಗಿಲು ಎಂಬ ಮಾತು ಕಿವಿಗೆ ಬಿದ್ದದ್ದೇ ಶೆಟ್ಟೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಆತು ತಗೋರಿ ಯಕ್ಕಾ, ಮಾಡ್ತಾರ." ಎಂದು ಗಂಡನ ಪರವಾಗಿ ತಾನೇ ಮಾತು ಕೊಟ್ಟಳು.

ಹಿತ್ತಲಲ್ಲಿ ಸೊಟ್ಟಗೆ ಬೆಳೆದ ಒಂದು ಜಾಲಿ ದಿಮ್ಮಿ ಇತ್ತು. ಚಿತ್ರದ ಸೈಕಲ್ಲಿನ ಬಾಗಿಗೆ ಸರಿಯಾಗಿ ಹೊಂದುತ್ತಿತ್ತು. ಭೀಮಶಿ ಅದನ್ನು ಉದ್ದಕ್ಕೆ ನಡುವೆ ಸೀಳಿದ. ಒಂದು ಹೋಳು ಎಡಕ್ಕೆ ವಾಲಿತು, ಇನ್ನೊಂದು ಬಲಕ್ಕೆ. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಭೀಮಶಿಯ ಮುಖ ಅರಳಿತು.

"ಎಡದ ಎತ್ತು, ಬಲದ ಎತ್ತು," ಎಂದ.

"ಅಕಿ ಕೇಳಿದ್ದು ಒಂದ ಅಲ್ರಿ?"

"ಒಂದ ಎತ್ತು ಕಟಗೊಂಡು ಯಾರಾದರೂ ಹೊಲಕ್ಕ ಹೋಗ್ಯಾರೇನಬೇ?"

ಬಿಡಿ ಸಾಮಾನಿಗೆ ರಾಮದುರ್ಗದ ಶಂಕರೆಪ್ಪನ ಸೈಕಲ್ ಅಂಗಡಿಗೆ ಹೋದ. ಕರುವಿನ ಕೊರಳಷ್ಟು ದಪ್ಪನೆಯ ನಾಲ್ಕು ಟಾಯರು ಆರಿಸಿದ. ಸೀಟುಗಳನ್ನು ಒಂದೊಂದಾಗಿ ಕಟ್ಟೆಯ ಮೇಲಿಟ್ಟು ಕುಳಿತು, ಪ್ರತಿ ಸೀಟಿನ ಮೇಲೂ ಚಹಾ ಕುಡಿದ. ಯಾವುದರ ಮೇಲೆ ತೂಕಡಿಕೆ ಬಂತೋ ಅಂಥವೇ ಎರಡು ತೆಗೆದಿಡಲು ಹೇಳಿದ. ಗಂಟೆಗಳನ್ನೆಲ್ಲ ಬಾರಿಸಿ ನೋಡಿ, ಅಂಗಡಿಯ ಮುಂದೆ ಮಲಗಿದ್ದ ನಾಯಿ ಯಾವುದಕ್ಕೆ ಎದ್ದು ಹೋಯಿತೋ ಅದನ್ನು ಹಿಡಿದ. ಕೊಳ್ಳುವ ಗಿರಾಕಿಗೆ ಬುದ್ಧಿ ಹೇಳುವ ಚಟ ಶಂಕರೆಪ್ಪನಿಗೆ ಇಲ್ಲ. ಆದರೂ ಬ್ರೇಕಿನ ಮಾತು ಬಂದಾಗ ತಡೆಯಲಾಗಲಿಲ್ಲ.

"ಎರಡು ಸೈಕಲ್ಲಿಗೆ ಒಂದ ಬ್ರೇಕೇನೋ ಭೀಮಶಿ?"

"ಒಂದು ನಿಂತ್ರ ಇನ್ನೊಂದು ಎಲ್ಲಿಗೆ ಹೊಕ್ಕೈತ್ರಿ ಸಾವಕಾರ?"

ಶಂಕರೆಪ್ಪ ಬಹಳ ಹೊತ್ತು ವಿಚಾರ ಮಾಡಿದ. ಉತ್ತರ ಹೊಳೆಯದೆ ಸಾಮಾನು ಕಟ್ಟಿಕೊಟ್ಟ.

ಸೈಕಲ್ಲು ಕೊಡುವುದಾಗಿ ಹೇಳಿದ್ದ ದಿನ ಉಮಾಶ್ರೀ ಟೆಂಪೋದಲ್ಲಿ ಬಾಗಿಲು ಹೇರಿಕೊಂಡು ಬಂದಳು. ಶೆಟ್ಟೆವ್ವ ಮೊದಲು ಟೆಂಪೋ ಹತ್ತಿ ಎರಡೂ ಕದಗಳ ಮೈದಡವಿದಳು. ಬೀದಿಯ ಮಂದಿ ಸೇರಿದರು. ಎಣ್ಣೆ ಕುಡಿದು ಮಿರಿಮಿರಿ ಮಿಂಚುವ ಎರಡು ಸೈಕಲ್ಲು ಬೇವಿನ ಗಿಡದ ಕೆಳಗೆ ನಿಂತಿದ್ದವು.

ಉಮಾಶ್ರೀ ಒಂದನ್ನು ಹತ್ತಿದಳು. ಅದು ಅವಳನ್ನು ಕೂರಿಸಿಕೊಂಡು ಗಿಡವನ್ನು ಎಡಸುತ್ತು ಹಾಕಿತು, ಮತ್ತೆ ಹಾಕಿತು. ಇಳಿದು ಇನ್ನೊಂದನ್ನು ಹತ್ತಿದಳು. ಅದು ಬಲಸುತ್ತು ಹಾಕಿತು.

"ಅಣ್ಣಾರ, ಸೀದಾ ಹೋಗೂದು ಯಾವುದು?"

"ಎರಡೂ ಹೋಗ್ತಾವ್ರಿ ಅಕ್ಕಾರ. ಕೂಡಿ." ಭೀಮಶಿ ಒಳಗಿನಿಂದ ಒಂದು ಸಣ್ಣ ನೊಗ ತಂದು, ಎರಡೂ ಹ್ಯಾಂಡಲ್ಲುಗಳಿಗೆ ಅಡ್ಡಲಾಗಿ ಬಿಗಿದ.

"ನಾ ಸೈಕಲ್ ಕೇಳಿದ್ನಿ, ಚಕ್ಕಡಿ ಅಲ್ಲ. ಏ ಡ್ರೈವರ್, ಗಾಡಿ ತಿರುವಪಾ!"

ಬಾಗಿಲು ಮನೆಯ ಮುಂದೆಯೇ ಮೂತಿ ತಿರುಗಿಸುವುದನ್ನು ಶೆಟ್ಟೆವ್ವ ನೋಡಿದಳು. ಸೆರಗು ನಡುವಿಗೆ ಸಿಕ್ಕಿಸಿ, ಎಡದ ಸೈಕಲ್ಲಿನ ಮೇಲೆ ಕುಳಿತೇಬಿಟ್ಟಳು. ಹುಟ್ಟಿದಾಗಿನಿಂದ ಸೈಕಲ್ ಹೊಡೆದವಳಲ್ಲ. ಆದರೆ ಜೋಡಿ ಬಿಗಿದದ್ದು ಬೀಳುವುದಿಲ್ಲ ಎನ್ನುವುದು ಅವಳ ಕಣ್ಣಿಗೆ ಕಾಣುತ್ತಿತ್ತು.

"ಹತ್ರಿ ನೀವೂ. ಸೀದಾ ಹೊಕ್ಕಾವಂತ ಅಕಿಗೆ ತೋರಸ್ರಿ."

ಹೋದವು. ಬಾಣದ ಹಾಗೆ ಸೀದಾ ಹೋದವು. ನೊಗ ಬಿಗಿದ ಮೇಲೆ ಹ್ಯಾಂಡಲ್ ತಿರುಗುವ ಮಾತೇ ಇಲ್ಲ. ಊರು ದಾಟಿ ರಾಮದುರ್ಗದ ರಸ್ತೆಯ ಇಳಿಜಾರು ಬಂದಾಗ ಭೀಮಶಿ ಬ್ರೇಕು ಹಿಡಿದ. ಅವನ ಸೈಕಲ್ಲು ತಡೆಯಿತು. ಶೆಟ್ಟೆವ್ವನದು ಅವನನ್ನು ಸುತ್ತು ಹಾಕಿ ಜೋಳದ ಹೊಲಕ್ಕೆ ಇಳಿಯಲು ನೋಡಿತು. ಕೂಡಲೇ ಬಿಟ್ಟ. ಶಂಕರೆಪ್ಪನಿಗೆ ಹೊಳೆಯದಿದ್ದ ಉತ್ತರ ಇಲ್ಲಿ ಭೀಮಶಿಗೆ ಹೊಳೆಯಿತು, ಆದರೆ ಹೇಳಲು ಪುರಸೊತ್ತಿರಲಿಲ್ಲ.

"ನಿಂದ್ರಸ್ರಿ!"

"ನಿಂದ್ರೂದಿಲ್ಲಬೇ!"

"ಬಾಗಲಾ ಹಿಂದ ಬರಾಕತ್ತೈತೇನು ನೋಡ್ರಿ!"

ಬರುತ್ತಿತ್ತು. ಟೆಂಪೋದ ಕಿಟಕಿಯಿಂದ ಉಮಾಶ್ರೀ ದಾರಿ ಬಿಡಿರೆಂದು ಕೈ ಬೀಸಿ ಕೂಗುತ್ತಿದ್ದಳು. ಗಾಳಿಗೆ ಬೈಗುಳದ ಅರ್ಧವಷ್ಟೇ ಮುಂದೆ ತಲುಪುತ್ತಿತ್ತು.

ಮುಂದಿನ ಬಸ್ ಸ್ಟಾಪಿನ ಹತ್ತಿರ ಪಂಕ್ಚರಾಗಿ ನಿಂತ ಕಬ್ಬಿನ ಟ್ರೇಲರು ಅವರನ್ನು ನಿಲ್ಲಿಸಿತು. ಎರಡೂ ಮುಂದಿನ ಗಾಲಿಗಳು ಕಬ್ಬಿನೊಳಗೆ ಹೊಕ್ಕು ಮೆತ್ತಗೆ ಕುಳಿತವು. ಕಟ್ಟಿಗೆಗೆ ಒಂದು ಗೀರೂ ಇಲ್ಲ. ಬಸ್ಸಿಗೆ ಕಾದಿದ್ದವರು ಓಡಿ ಬಂದು ಸುತ್ತುವರಿದರು. ಅವರಲ್ಲಿ ಮದುವೆ ಮೆರವಣಿಗೆಗೆ ಗಾಡಿ ಬಾಡಿಗೆ ಕೊಡುವ ಗಂಗಯ್ಯ ಇದ್ದ. ಅವನು ಗಂಡಹೆಂಡತಿಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ. ನೊಗ ಬಡಿದು ನೋಡಿದ, ಸೀಟು ಒತ್ತಿ ನೋಡಿದ.

"ಮದುಮಕ್ಕಳನ್ನ ಕುಂಡ್ರಸಾಕ ಚಲೋ ಐತಿ. ಇಬ್ಬರಾಗ ಒಬ್ಬರೂ ಓಡಿ ಹೋಗಾಕ ಬರೂದಿಲ್ಲ. ಕೊಡ್ತೀರೇನು?"

ಬೈಯಲೆಂದು ಟೆಂಪೋ ಇಳಿದಿದ್ದ ಉಮಾಶ್ರೀಗೆ ಈ ಮಾತು ಕೇಳಿಸಿತು. ಒಂದು ಸಾಮಾನು ತನಗೆ ಬೇಕೋ ಬೇಡವೋ ಎಂಬುದು ವ್ಯಾಪಾರ ಮಾಡುವವರಿಗೆ ತಿಳಿಯುವುದು ಮತ್ತೊಬ್ಬ ಕೈ ಚಾಚಿದಾಗಲೇ.

"ಮುಟ್ಟಬ್ಯಾಡ್ರಿ, ಅದು ನಂದು," ಎಂದಳು. "ನಾ ಹೇಳಿ ಮಾಡಿಸಿದ್ದು. ಜೋಡೀನ ಹೇಳಿದ್ನಿ."

ಹೇರಲು ಟೆಂಪೋದಲ್ಲಿ ಜಾಗ ಬೇಕಲ್ಲ? ಬಾಗಿಲು ಅಲ್ಲಿಯೇ ರಸ್ತೆಯ ಬದಿಗೆ ಇಳಿಯಿತು. ಸೈಕಲ್ಲುಗಳು ಸವದತ್ತಿಯ ದಾರಿ ಹಿಡಿದವು. ಭೀಮಶಿ ಕಣ್ಣಿಗೆ ಕಾಣುವಷ್ಟು ದೂರ ಅವನ್ನು ನೋಡುತ್ತ ನಿಂತ. ಶೆಟ್ಟೆವ್ವ ಬಾಗಿಲ ಮೇಲೆ ಕುಳಿತಳು.

ಸುರೇಬಾನದ ಬಸ್ಸು ಬಂದಾಗ ನಾಲ್ಕು ಮಂದಿ ಸೇರಿ ಕದಗಳನ್ನು ಮೇಲೇರಿಸಿ ಹಗ್ಗ ಕಟ್ಟಿದರು. ಕಂಡಕ್ಟರ್ ಇಳಿದು ಬಂದ. "ಕಾಕಾ, ಇದಕ್ಕ ಲಗೇಜ್ ಆಕ್ಕೈತಿ."

"ಬಾಗಲಾ ನಂದು," ಎಂದು ಶೆಟ್ಟೆವ್ವ ನಡುವಿನ ಸಂಚಿಯಿಂದ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿದಳು. "ಹೆಣ್ಮಕ್ಕಳಿಗೆ ಫ್ರೀ ಐತಿ."

"ಹೆಣ್ಮಕ್ಕಳು ಫ್ರೀ ಬೇ. ಹೆಣ್ಮಕ್ಕಳ ಬಾಗಲಾ ಅಲ್ಲ."

"ಹಂಗಾರ ಇಳಸು. ನೀನ ಇಳಸು. ಇಳಸೂತನಾ ಬಸ್ ಇಲ್ಲೇ ನಿಂದ್ರಲಿ."

ಕಂಡಕ್ಟರ್ ಮೇಲೆ ಕದಗಳನ್ನು ನೋಡಿದ, ಒಳಗೆ ಗೊಣಗುವ ಮಂದಿಯನ್ನು ನೋಡಿದ, ಸೀಟಿ ಊದಿದ. ಟಿಕೆಟ್ಟು ತೆಗೆಸಿದವನು ಭೀಮಶಿಯೊಬ್ಬನೇ. ಊರು ಬರುವವರೆಗೂ ಶೆಟ್ಟೆವ್ವ ಕಿಟಕಿಯಿಂದ ಕೈ ಹೊರಗೆ ಚಾಚಿ, ಮೇಲಿನಿಂದ ಜೋತುಬಿದ್ದ ಹಗ್ಗದ ತುದಿಯನ್ನು ಬಿಡಲಿಲ್ಲ.