ಹೊಗೆಸೊಪ್ಪಿಗೆ ಪ್ರವೇಶವಿಲ್ಲ

ಗೆಳೆಯರೇ, ಇವತ್ತು ಬೆಳಿಗ್ಗೆ ಹುಣಸೂರಿನ ನಮ್ಮ ಹೊಗೆಸೊಪ್ಪಿನ ಗೋದಾಮಿನ ಮುಂದೆ, ಸೊಪ್ಪು ತುಂಬಿದ ಟ್ರಾಕ್ಟರುಗಳು ಮಂಜಿನಲ್ಲಿ ತೇಲುತ್ತಿರುವಂತೆ ನಿಂತಿದ್ದವು. ಹದವಾಗಿ ಬೆಂದ ಎಲೆಯ ಜೇನಿನಂಥ ಘಮ ರಸ್ತೆಯುದ್ದಕ್ಕೂ ಹರಡಿತ್ತು. ಗೇಟು ಮಾತ್ರ ತೆರೆದಿರಲಿಲ್ಲ.

ಕಾವಲುಗಾರ ಪುಟ್ಟಯ್ಯ ಬೋರ್ಡು ತೋರಿಸಿದ. ಹೊಸ ಕಾನೂನು ಬಂತೆಂದು ಮ್ಯಾನೇಜರು ನಿನ್ನೆ ಬರೆಸಿದ್ದು: 'ಒಳಗೆ ಹೊಗೆಸೊಪ್ಪು ನಿಷೇಧ.'

"ನಾನೇನ್ ಮಾಡ್ಲಿ ಸಾ? ಸೊಪ್ಪು ಒಳೀಕ್ ಬುಡಂಗಿಲ್ಲ."

ಅಷ್ಟರಲ್ಲಿ ಮಂಜಿನೊಳಗಿಂದ ಮ್ಯಾನೇಜರೇ ಸಿಗರೇಟು ಸೇದುತ್ತಾ ಬಂದರು. "ಅಯ್ಯೋ, ಅದು ಸೊಪ್ಪಿಗಲ್ಲ ಕಣಯ್ಯಾ, ಸೇದೋರಿಗೆ!"

ಪುಟ್ಟಯ್ಯ ಟ್ರಾಕ್ಟರುಗಳನ್ನೆಲ್ಲ ಒಳಗೆ ಬಿಟ್ಟು, ಗೇಟನ್ನು ಮತ್ತೆ ಹಾಕಿದ. "ಅಂಗಾದ್ರೆ ತಾವು ಈಚೆಗೇ ಇರಿ ಸಾ."

ಸಾಹೇಬರು ಬಿಟ್ಟ ಹೊಗೆ ಮೆಲ್ಲಗೆ ಮಂಜಿಗೆ ಸೇರಿಕೊಂಡಿತು. ನಮ್ಮಲ್ಲಿ ಆ ಬೋರ್ಡಿಗೆ ತಲೆಬಾಗಿದ ಮೊದಲ ನೌಕರ, ಬರೆಸಿದವರೇ.