ಹಸಿ ಕಾಂಕ್ರೀಟಿನ ಹೆಜ್ಜೆಗಳು

ಆ ದಿನ ರಸ್ತೆ ಬದಿಯಲ್ಲಿ ನಿಂತಿದ್ದವರು ನಾನು, ನಮ್ಮ ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಶಾಮಣ್ಣನವರು, ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್, ಮತ್ತೆ ಯಲ್ಲವ್ವ. ಅಲ್ಲಿಯವರೆಗೆ ಇಂಥ ಸಂಗತಿ ಯಾರಾದರೂ ಹೇಳಿದರೆ, ಪಾಪ, ಇವರಿಗೆ ನಿದ್ದೆ ಸಾಲದು ಅಂದುಕೊಳ್ಳುತ್ತಿದ್ದವನು ನಾನು. ಈಗ ನೀವು ನನ್ನ ಬಗ್ಗೆ ಹಾಗೇ ಅಂದುಕೊಂಡರೆ ಬೇಸರವೇನಿಲ್ಲ.

ನಮ್ಮ ಶ್ರೀನಗರ ಬಡಾವಣೆಯ ರಸ್ತೆಯ ಡಾಂಬರು ಕಿತ್ತು ಕಾಂಕ್ರೀಟು ಹಾಕುತ್ತಿದ್ದರು. ತಿಂಗಳುಗಟ್ಟಲೆ ಅಗೆದು, ನಮಗೆಲ್ಲ ಧೂಳು ಕುಡಿಸಿ, ಕೊನೆಗೂ ತುಂಡು ತುಂಡಾಗಿ ರಸ್ತೆ ಮೇಲೇಳುತ್ತಿತ್ತು. ಹಾಕಿದ ಕಾಂಕ್ರೀಟು ಬಿರುಕು ಬಿಡದಂತೆ ಮೇಲೆ ಗೋಣಿತಾಟು ಹಾಸಿ ದಿನವೆಲ್ಲ ನೀರು ಹಾಕುತ್ತಿರಬೇಕು. ಆ ಕೆಲಸ ಯಲ್ಲವ್ವನದು. ಯಾದಗಿರಿ ಕಡೆಯವಳು, ಗಂಡ ತೀರಿಕೊಂಡಿದ್ದ. ಇನ್ನೂ ಅಂಬೆಗಾಲಿಡುವ ಮಗಳನ್ನು ಕಟ್ಟಿಕೊಂಡು ರಸ್ತೆಯ ತುದಿಯ ತಗಡಿನ ಶೆಡ್ಡಿನಲ್ಲಿದ್ದಳು. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋದ ಹಾಗೆ.

ಅಂದು ಬೆಳಿಗ್ಗೆ ಗೋಣಿ ಎತ್ತಿದರೆ ಹಿಂದಿನ ಸಂಜೆ ಹಾಕಿದ್ದ ಕಾಂಕ್ರೀಟಿನ ಮೇಲೆ ಬರಿಗಾಲಿನ ಹೆಜ್ಜೆಗಳು. ರಸ್ತೆಯ ನಡುಮಧ್ಯೆ ಶುರುವಾಗಿ, ಸ್ವಲ್ಪ ದೂರ ನಡೆದು, ನಡುವೆಯೇ ನಿಂತುಬಿಟ್ಟಿದ್ದವು. ಬಂದ ಗುರುತಿಲ್ಲ, ಹೋದ ಗುರುತಿಲ್ಲ.

"ಏನಮ್ಮ, ಗೋಕುಲಾಷ್ಟಮಿ ಇನ್ನೂ ದೂರ ಇದೆ, ಈಗ್ಲೇ ಹೆಜ್ಜೆ ಬಿಡಿಸಿಬಿಟ್ಯಾ?" ಎಂದರು ಶಾಮಣ್ಣ.

"ನಾ ತುಳಿದಿಲ್ರೀ, ಯಪ್ಪಾ."

"ಮತ್ತೆ ನಾನು ತುಳಿದ್ನಾ? ಇಡು ಕಾಲು, ನೋಡೇ ಬಿಡೋಣ," ಎಂದ ಸೂಪರ್‌ವೈಸರ್.

ಎಲ್ಲರೆದುರು ಅವಳು ಸೀರೆ ಎತ್ತಿ ಹಿಡಿದು ಕಾಲಿಟ್ಟಳು. ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಸರಿಯಾಗಿ ಕೂತಿತು, ಹೊರಗೆ ವಾಲಿದ ಕಿರುಬೆರಳು ಕೂಡ. ಅವಳು ಥಟ್ಟನೆ ಕಾಲು ಹಿಂದೆಗೆದಳು.

"ಇವು ನನ್ನವ ಅದಾವ್ರೀ," ಎಂದಳು ಮೆಲ್ಲಗೆ. "ಆದ್ರ ನಾ ತುಳಿದಿಲ್ಲ."

"ನಡುವಿಗೆ ಹೇಗೆ ಬಂದ್ಲು ಸಾರ್, ಹಾರಿಕೊಂಡಾ?" ಎಂದು ನಾನು ಕೇಳಿದೆ.

ಶಾಮಣ್ಣ ಕಾಫಿ ಆರಿಸಿಕೊಳ್ಳುತ್ತ, "ಹಾರಿರ್ತಾಳೆ ಬಿಡಿ. ಇವರಿಗೆಲ್ಲ ಅಭ್ಯಾಸ ಇರುತ್ತೆ," ಎಂದರು. ಸೂಪರ್‌ವೈಸರ್ ನಕ್ಕ.

ಮಧ್ಯಾಹ್ನದೊಳಗೆ ಶೆಡ್ಡಿನ ತಗಡು ಬಿಚ್ಚಿದರು. ಮಗು ಮಲಗಿದ್ದ ಸೀರೆಯ ಜೋಲಿಯನ್ನೂ ಎಳೆದು ಬಿಚ್ಚಿದರು. "ಯಣ್ಣಾ, ಕೂಸಿಗೆ ಜ್ವರ ಅದ. ಇವತ್ತೊಂದಿನ ಇರ್ತೀನ್ರೀ," ಎಂದು ಬೇಡಿಕೊಂಡಳು. "ನಿಮ್ಮೂರಲ್ಲಿ ಡಾಕ್ಟರ್ ಇಲ್ವಾ?" ಎಂದವನೇ ಸೂಪರ್‌ವೈಸರ್ ಇಬ್ಬರನ್ನೂ ಸಿಮೆಂಟಿನ ಲಾರಿ ಹತ್ತಿಸಿ ಬಸ್‌ಸ್ಟ್ಯಾಂಡಿಗೆ ಕಳಿಸಿದ.

ಹೆಜ್ಜೆ ಮೂಡಿದ್ದ ತುಂಡನ್ನು ಒಡೆದು ತೆಗೆದು ಕೂಡಲೇ ಹೊಸ ಕಾಂಕ್ರೀಟು ಸುರಿದರು. ಸುತ್ತ ಹಗ್ಗ ಕಟ್ಟಿದರು. ಶಾಮಣ್ಣ ಕುರ್ಚಿ ಹಾಕಿಸಿ ಕಾವಲು ಕೂತರು, ಜೊತೆಗೆ ನಾನೂ. ನಾಯಿ ಕೂಡ ಆ ಕಡೆ ಸುಳಿಯಲಿಲ್ಲ. ಬಿಸಿಲು ಇನ್ನೂ ಇಳಿದಿರಲಿಲ್ಲ. ಏನೋ ಮಾತಾಡುತ್ತ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ಅತ್ತ ತಿರುಗಿದರೆ ಹೆಜ್ಜೆಗಳಿದ್ದವು. ಅದೇ ವಾಲಿದ ಕಿರುಬೆರಳು. ಈ ಸಲ ಅವುಗಳ ಪಕ್ಕದಲ್ಲಿ, ನನ್ನ ನಡುಬೆರಳಿನಷ್ಟುದ್ದದ ಪುಟ್ಟ ಪಾದಗಳು ನೆಟ್ಟಗೆ ನಡೆದಿದ್ದವು. ಆ ಮಗುವಿಗೆ ಇನ್ನೂ ಎದ್ದು ನಿಲ್ಲಲು ಬರುತ್ತಿರಲಿಲ್ಲ.

ಶಾಮಣ್ಣ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಆಮೇಲೆ, "ಯಾರಿಗೂ ಹೇಳೋಕೆ ಹೋಗ್ಬೇಡಿ. ಮತ್ತೆ ಅಗೀತಾರೆ," ಎಂದರು. ಸೂಪರ್‌ವೈಸರ್ ಸಿಮೆಂಟು ಕಲಸಿ ತಂದು ಎಲ್ಲವನ್ನೂ ತುಂಬಿ ನುಣ್ಣಗೆ ಸವರಿದ.

ಇದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಇಂಜಿನಿಯರೊಬ್ಬರನ್ನು ಕೇಳಿದೆ, ನಮ್ಮ ಪುರೋಹಿತರನ್ನೂ ಕೇಳಿದೆ. ಇಬ್ಬರೂ ಮಾತು ಬದಲಿಸಿದರು.

ರಸ್ತೆಯಲ್ಲಿ ಓಡಾಟ ಶುರುವಾದ ಮೇಲೆ, ಒಂದು ಭಾನುವಾರ ಯಲ್ಲವ್ವನ ಅಣ್ಣ ಬಂದ. ತಂಗಿ ಊರು ಸೇರಿಲ್ಲ, ಫೋನೂ ಹತ್ತುತ್ತಿಲ್ಲ ಎಂದ. "ಕಾಂಟ್ರಾಕ್ಟರನ್ನ ಕೇಳಪ್ಪ, ನಮಗೇನು ಗೊತ್ತು?" ಎಂದು ಶಾಮಣ್ಣ ಗೇಟು ಹಾಕಿಕೊಂಡರು. ಲಾರಿ ಹತ್ತಿಸಿ ಕಳಿಸಿದ್ದನ್ನು ನಾನು ಹೇಳಿದೆ. ಅವನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದು, ಪೊಲೀಸ್ ಠಾಣೆಗೆ ದಾರಿ ಯಾವುದೆಂದು ಕೇಳಿದ. ತೋರಿಸಿದೆ. ಹೊಸ ರಸ್ತೆಯ ಮೇಲೆ, ಆ ಹೆಜ್ಜೆಗಳನ್ನು ಮುಚ್ಚಿದ್ದ ಜಾಗವನ್ನು ತುಳಿದುಕೊಂಡೇ ನಡೆದು ಹೋದ.